ಲಿಲಿ ಪಾರ್: ತುಂಬಿದ ಕ್ರೀಡಾಂಗಣದಿಂದ ಹೊರದೂಡಲ್ಪಟ್ಟ ಆಟಗಾರ್ತಿ

ಮಹಿಳೆಯರ ಆಟಕ್ಕೆ ಪ್ರೇಕ್ಷಕರಿಲ್ಲ, ಆದ್ದರಿಂದಲೇ ಹಣವೂ ಪ್ರಚಾರವೂ ಇಲ್ಲ ಎಂಬ ವಾದ ಕ್ರೀಡಾವಲಯದಲ್ಲಿ ಬಹಳ ಹಳೆಯದು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ್ತಿ ಲಿಲಿ ಪಾರ್ ಅವರ ಜೀವನವನ್ನು ಅರಿತವರು ಈ ವಾದವನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಲಿಲಿ ಜನಿಸಿದ್ದು 1905ರ ಏಪ್ರಿಲ್ 26ರಂದು, ಲ್ಯಾಂಕಾಷೈರ್ ಪ್ರಾಂತ್ಯದ ಸೇಂಟ್ ಹೆಲೆನ್ಸ್ ಎಂಬ ಕೈಗಾರಿಕಾ ಪಟ್ಟಣದ ಕಾರ್ಮಿಕ ಕುಟುಂಬದಲ್ಲಿ. ಸಹೋದರರೊಡನೆ ಫುಟ್‌ಬಾಲ್ ಮತ್ತು ರಗ್ಬಿ ಆಡುತ್ತಲೇ ಬೆಳೆದ ಆಕೆಯ ಎಡಗಾಲಿನ ಹೊಡೆತಕ್ಕೆ ಗಂಡಸರೂ ಬೆರಗಾಗುತ್ತಿದ್ದರು.

ಅದು ಮೊದಲ ಮಹಾಯುದ್ಧದ ಕಾಲ. ಗಂಡಸರು ರಣರಂಗಕ್ಕೆ ತೆರಳಿದ್ದರಿಂದ ಕಾರ್ಖಾನೆಗಳಲ್ಲಿ ಹೆಂಗಸರು ದುಡಿಯತೊಡಗಿದ್ದರು. ಪ್ರೆಸ್ಟನ್ ನಗರದ ಡಿಕ್ ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಯುವತಿಯರು ಬಿಡುವಿನ ವೇಳೆ ಚೆಂಡು ಒದೆಯುತ್ತಾ ತಂಡವನ್ನೇ ಕಟ್ಟಿದರು. 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ನೆರವಿಗಾಗಿ ಅವರು ಆಡಿದ ಪಂದ್ಯಕ್ಕೆ 10 ಸಾವಿರ ಜನ ಸೇರಿದ್ದರು. ಯುದ್ಧ ಮುಗಿದ ಬಳಿಕ, ಇನ್ನೂ ಹದಿಹರೆಯದ ಲಿಲಿ ಈ ತಂಡದ ಎಡಪಾರ್ಶ್ವದ ಮುನ್ಪಡೆಯಲ್ಲಿ ಸ್ಥಾನ ಪಡೆದರು.

1920ರ ಡಿಸೆಂಬರ್ 26. ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್ ಕ್ರೀಡಾಂಗಣದಲ್ಲಿ ಡಿಕ್ ಕೆರ್ ತಂಡಕ್ಕೆ ಎದುರಾಳಿ, ಲಿಲಿಯ ತವರಾದ ಸೇಂಟ್ ಹೆಲೆನ್ಸ್‌ನ ಮಹಿಳಾ ತಂಡ. ಒಳಗೆ ಸುಮಾರು 53 ಸಾವಿರ ಪ್ರೇಕ್ಷಕರು. ಸ್ಥಳವಿಲ್ಲದೆ ಸಾವಿರಾರು ಮಂದಿ ಹೊರಗೇ ಉಳಿದರು. ಡಿಕ್ ಕೆರ್ 4-0 ಗೋಲುಗಳಿಂದ ಗೆದ್ದಿತು. 3 ಸಾವಿರ ಪೌಂಡ್‌ಗೂ ಅಧಿಕ ಹಣ ಸಹಾಯಾರ್ಥವಾಗಿ ಸಂಗ್ರಹವಾಯಿತು. ಯಾರ ಬಲವಂತವೂ ಇಲ್ಲದೆ, ಕಾಸು ಕೊಟ್ಟು ಬಂದ ಜನಸ್ತೋಮವದು.

ವರ್ಷ ತುಂಬುವ ಮೊದಲೇ ಪೆಟ್ಟು ಬಿತ್ತು. 1921ರ ಡಿಸೆಂಬರ್ 5ರಂದು ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆಯು, ಈ ಆಟ ಹೆಂಗಸರಿಗೆ ಸಲ್ಲದೆಂದು ಘೋಷಿಸಿ, ಮಹಿಳಾ ಪಂದ್ಯಗಳಿಗೆ ಮೈದಾನ ನೀಡಕೂಡದೆಂದು ತನ್ನ ಸದಸ್ಯ ಕ್ಲಬ್‌ಗಳಿಗೆ ಸೂಚಿಸಿತು. ಸಹಾಯಾರ್ಥ ಹಣದಲ್ಲಿ ಖರ್ಚಿನ ಪಾಲು ಹೆಚ್ಚೆಂಬ ಆಕ್ಷೇಪವನ್ನೂ ಜತೆಗೆ ಸೇರಿಸಿತು. ದೊಡ್ಡ ಕ್ರೀಡಾಂಗಣಗಳ ಬಾಗಿಲು ಮುಚ್ಚಿದ ಮೇಲೆ ಪ್ರೇಕ್ಷಕರು ಎಲ್ಲಿಗೆ ಬರಬೇಕಿತ್ತು? ಜನ ಆಟವನ್ನು ತೊರೆಯಲಿಲ್ಲ. ಆಟವನ್ನೇ ಜನರಿಂದ ದೂರ ಮಾಡಲಾಯಿತು.

ಲಿಲಿ ಮಾತ್ರ ಆಟ ಬಿಡಲಿಲ್ಲ. 1922ರಲ್ಲಿ ತಂಡ ಅಟ್ಲಾಂಟಿಕ್ ದಾಟಿತು. ಕೆನಡಾದಲ್ಲಿ ಆಡಲು ಅನುಮತಿ ದೊರೆಯದೆ, ಅಮೆರಿಕದಲ್ಲಿ ಪುರುಷರ ತಂಡಗಳನ್ನೇ ಎದುರಿಸಿತು. ಮರಳಿದ ಬಳಿಕ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಾ, ಸಿಕ್ಕ ಮೈದಾನಗಳಲ್ಲಿ ಆಕೆ ಆಟ ಮುಂದುವರಿಸಿದರು. ನಿವೃತ್ತರಾದದ್ದು 1951ರಲ್ಲಿ.

ನಿಷೇಧ ಅಧಿಕೃತವಾಗಿ ತೆರವಾದದ್ದು 1971ರಲ್ಲಿ. ಅದನ್ನು ಕಾಣುವವರೆಗೆ ಲಿಲಿ ಬದುಕಿದ್ದರೆಂಬುದೇ ಸಮಾಧಾನ. 1978ರ ಮೇ 24ರಂದು ನಿಧನರಾದರು. ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯದ ಗಣ್ಯರ ಪಟ್ಟಿಗೆ 2002ರಲ್ಲಿ ಸೇರಿದ ಮೊದಲ ಮಹಿಳೆ ಅವರು. 2019ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರತಿಮೆಯೂ ಸ್ಥಾಪನೆಯಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಅಟ್ಲೆಟಿಕೊ-ಬಾರ್ಸಿಲೋನಾ ಮಹಿಳಾ ಪಂದ್ಯಕ್ಕೆ 60,739 ಪ್ರೇಕ್ಷಕರು ಬಂದರು. ಮಹಿಳಾ ಕ್ಲಬ್ ಪಂದ್ಯಗಳಲ್ಲಿ ಗುಡಿಸನ್ ಪಾರ್ಕ್‌ನ ದಾಖಲೆ ಮುರಿಯಲು 98 ವರ್ಷಗಳು ಹಿಡಿದಿದ್ದವು.