ಸೇಲಂ ಬಿಟ್ಟು ಮದರಾಸಿಗೆ: ತೊರಪಳ್ಳಿಯ ರಾಜಾಜಿ ಕೆಲಸ ಬದಲಿಸಿದ ಕಥೆ

ಮತ್ತಿಗಿರಿ: ಸಿಪ್ಕಾಟ್‌ನಲ್ಲಿ ಸಿಕ್ಕಿರುವ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವುದೋ, ಬೇಡವೋ? ಮತ್ತಿಗಿರಿ, ಹೊಸೂರು ಕಡೆಯ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಸಂಬಳ ಎಷ್ಟು ಜಾಸ್ತಿ, ಮನೆ ಬಾಡಿಗೆಗೆ ಎಷ್ಟು ಹೋಗುತ್ತದೆ, ಹತ್ತು ವರ್ಷ ಕಳೆದರೆ ಎಲ್ಲಿರುತ್ತೇವೆ... ಈ ಲೆಕ್ಕ ಮುಗಿಯುವುದೇ ಇಲ್ಲ. ನೂರು ವರ್ಷಕ್ಕೂ ಹಿಂದೆ ಇಂಥದೇ ಲೆಕ್ಕ ಹಾಕಬೇಕಾಗಿ ಬಂದವರು ಹೊಸೂರು ಪಕ್ಕದ ತೊರಪಳ್ಳಿಯ ಚಕ್ರವರ್ತಿ ರಾಜಗೋಪಾಲಾಚಾರಿ. ನಾಡಿಗೆಲ್ಲ ಅವರು ರಾಜಾಜಿ.

1878ರ ಡಿಸೆಂಬರ್ 10ರಂದು ಅವರ ಜನನ. ತಂದೆ ವೆಂಕಟಾರ್ಯ ಅಯ್ಯಂಗಾರ್ ಊರಿನ ಮುನ್ಸಿಫ್. ಹುಡುಗನಿಗೆ ಐದು ವರ್ಷವಾದಾಗ ಕುಟುಂಬ ಹೊಸೂರಿಗೆ ಬಂತು. ಓದು ಹೊಸೂರಿನ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಸೆಂಟ್ರಲ್ ಕಾಲೇಜಿನಲ್ಲಿ ಸಿಕ್ಕಿದ ಒಬ್ಬ ಗೆಳೆಯನ ಹೆಸರು ಕನ್ನಡಿಗರಿಗೆ ಗೊತ್ತಿರುವಂಥದ್ದೇ: ನವರತ್ನ ರಾಮರಾವ್. 'ಕೆಲವು ನೆನಪುಗಳು' ಬರೆದವರು. ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು, ಆದರೆ ಹಿಡಿದ ದಾರಿ ಬೇರೆ ಬೇರೆ. ರಾಮರಾಯರು ಮೈಸೂರು ಸರ್ಕಾರದ ಸೇವೆಗೆ ಸೇರಿ ಅಮಲ್ದಾರರಾದರು. ತಿಂಗಳಿಗೆ ಸರಿಯಾಗಿ ಸಂಬಳ, ವರ್ಗ, ಬಡ್ತಿ. ರಾಜಾಜಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿಕೆಗೆ ಕುಳಿತರು.

ಸೇಲಂ ಯಾಕೆ? ಆಗ ಹೊಸೂರು ಇದ್ದದ್ದು ಸೇಲಂ ಜಿಲ್ಲೆಯಲ್ಲೇ. ಧರ್ಮಪುರಿ ಜಿಲ್ಲೆ ಆದದ್ದು 1965ರಲ್ಲಿ, ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಹಾಗಾಗಿ ಸೇಲಂ ಅವರಿಗೆ ಪರಊರಲ್ಲ, ಸ್ವಂತ ಜಿಲ್ಲೆಯ ಪೇಟೆ. ಹೆಸರಾಂತ ವಕೀಲ, ಕಾಂಗ್ರೆಸ್ ಮುಖಂಡ ಸಿ. ವಿಜಯರಾಘವಾಚಾರ್ಯರು ಇದ್ದದ್ದೂ ಅದೇ ಊರಿನಲ್ಲಿ. ತರುಣ ವಕೀಲನಿಗೆ ಕಲಿಯಲು ಒಳ್ಳೆಯ ಜಾಗ.

ಕಕ್ಷಿದಾರರು ಬಂದರು, ಹಣವೂ ಬಂತು. ಜಿಲ್ಲೆಯ ಮುಂಚೂಣಿ ವಕೀಲರಲ್ಲಿ ಒಬ್ಬರೆಂಬ ಹೆಸರಾಯಿತು. 1911ರಲ್ಲಿ ಸೇಲಂ ಪುರಸಭೆಯ ಸದಸ್ಯರಾದರು, 1917ರಲ್ಲಿ ಅಧ್ಯಕ್ಷರೂ ಆದರು. ಜಿಲ್ಲಾ ಕೇಂದ್ರದ ವಕೀಲನೊಬ್ಬ ಇದಕ್ಕಿಂತ ಹೆಚ್ಚು ಏನು ಕೇಳಿಯಾನು? ಅಷ್ಟರಲ್ಲಿ ಮನೆಯಲ್ಲಿ ಮಾತ್ರ ದೊಡ್ಡ ಪೆಟ್ಟು ಬಿದ್ದಿತ್ತು. ಪತ್ನಿ ಅಲಮೇಲು ಮಂಗಮ್ಮ ತೀರಿಕೊಂಡಿದ್ದರು. ಮೂವರು ಗಂಡು, ಇಬ್ಬರು ಹೆಣ್ಣು ಮಕ್ಕಳ ಹೊಣೆ ಒಬ್ಬರ ಮೇಲೆಯೇ ಬಿತ್ತು.

ಆ ಹೊತ್ತಿನಲ್ಲೇ ಮದರಾಸಿನಿಂದ ಕರೆ ಬಂತು. ಕರೆದವರು 'ದಿ ಹಿಂದೂ' ಪತ್ರಿಕೆಯ ಒಡೆಯ ಕಸ್ತೂರಿ ರಂಗ ಅಯ್ಯಂಗಾರ್ ಮತ್ತು ಕೆಲವು ಮಿತ್ರರು. ಸೇಲಂ ಬಿಟ್ಟು ರಾಜಧಾನಿಗೆ ಬಂದು ವಕೀಲಿಕೆ ನಡೆಸಿ, ಜತೆಗೆ ಸಾರ್ವಜನಿಕ ಕೆಲಸದಲ್ಲೂ ಹೆಚ್ಚು ತೊಡಗಿಸಿಕೊಳ್ಳಿ ಎಂಬುದು ಅವರ ಒತ್ತಾಯ.

ಲೆಕ್ಕ ಸುಲಭದ್ದಾಗಿರಲಿಲ್ಲ. ಸೇಲಂನಲ್ಲಿ ಹತ್ತೊಂಬತ್ತು ವರ್ಷದಲ್ಲಿ ಬೆಳೆದ ಗಿರಾಕಿ ಬಳಗವನ್ನು ಗಂಟು ಕಟ್ಟಿ ಒಯ್ಯಲು ಆಗುವುದಿಲ್ಲ. ಮದರಾಸಿನಲ್ಲಿ ಹೈಕೋರ್ಟಿನ ಘಟಾನುಘಟಿಗಳ ನಡುವೆ ಮತ್ತೆ ಹೆಸರು ಮಾಡಬೇಕು. ವಯಸ್ಸು ನಲವತ್ತು, ಆರೋಗ್ಯವೋ ಅಷ್ಟಕ್ಕಷ್ಟೆ, ಮನೆ ತುಂಬ ತಾಯಿಯಿಲ್ಲದ ಮಕ್ಕಳು. ಆದರೆ ಸೇಲಂನಲ್ಲಿ ಮೇಲೇರಲು ಇನ್ನು ಮೆಟ್ಟಿಲೇ ಉಳಿದಿರಲಿಲ್ಲ ಎಂಬುದೂ ನಿಜ. 1919ರಲ್ಲಿ ಅವರು ಮದರಾಸಿಗೆ ಹೊರಟರು.

ಫಲ ಕಾಣಲು ಬಹಳ ದಿನ ಬೇಕಾಗಲಿಲ್ಲ. ಅದೇ ಮಾರ್ಚ್‌ನಲ್ಲಿ ಗಾಂಧೀಜಿ ಮದರಾಸಿಗೆ ಬಂದು ಇಳಿದುಕೊಂಡದ್ದು ರಾಜಾಜಿ ಮನೆಯಲ್ಲೇ. ತಮಾಷೆಯೆಂದರೆ ಆತಿಥ್ಯ ಮಾಡುತ್ತಿರುವವರು ಯಾರೆಂದು ಗಾಂಧೀಜಿಗೆ ಒಂದೆರಡು ದಿನ ತಿಳಿದೇ ಇರಲಿಲ್ಲ. ಕಸ್ತೂರಿ ರಂಗ ಅಯ್ಯಂಗಾರರ ಮನೆ ಎಂದುಕೊಂಡಿದ್ದರಂತೆ. ಮಹಾದೇವ ದೇಸಾಯಿ ತಿಳಿಸಿದ ಮೇಲೆ ಪರಿಚಯ ಗಟ್ಟಿಯಾಯಿತು. ರೌಲಟ್ ಕಾಯ್ದೆಯ ವಿರುದ್ಧ ದೇಶವ್ಯಾಪಿ ಹರತಾಳ ನಡೆಸುವ ಯೋಚನೆ ಗಾಂಧೀಜಿಗೆ ಹೊಳೆದದ್ದು ಅಲ್ಲಿ ತಂಗಿದ್ದಾಗಲೇ. ಏಪ್ರಿಲ್ 6ರಂದು ಆ ಹರತಾಳ ನಡೆಯಿತು. ಸೇಲಂನಲ್ಲೇ ಉಳಿದಿದ್ದರೆ ರಾಜಾಜಿ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಬೇಕಾಗುತ್ತಿತ್ತು!

ಆದರೆ ಯಾವ ವಕೀಲಿಕೆಗಾಗಿ ಊರು ಬಿಟ್ಟರೋ ಅದು ಮದರಾಸಿನಲ್ಲಿ ಹೆಚ್ಚು ದಿನ ನಡೆಯಲಿಲ್ಲ. ಅಸಹಕಾರ ಚಳವಳಿ ಶುರುವಾದಾಗ ಕೋರ್ಟನ್ನೇ ಬಿಟ್ಟರು. ಸಂಪಾದನೆ ನಿಂತಿತು. 1921ರ ಡಿಸೆಂಬರ್‌ನಲ್ಲಿ ವೆಲ್ಲೂರು ಜೈಲು ಸೇರಿ ಮೂರು ತಿಂಗಳು ಕಳೆದರು. 1925ರಲ್ಲಿ ತಿರುಚೆಂಗೋಡು ಬಳಿಯ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮ ಕಟ್ಟಿ ನೂಲು, ಖಾದಿ, ಪಾನ ವಿರೋಧ ಎಂದು ಹಳ್ಳಿ ಕೆಲಸಕ್ಕೆ ನಿಂತರು. ಒಂದು ಕಾಲಕ್ಕೆ ಕೈತುಂಬ ಫೀಸು ಎಣಿಸುತ್ತಿದ್ದವರ ಮಕ್ಕಳು ಆಶ್ರಮದ ಸರಳ ಬದುಕಿಗೆ ಹೊಂದಿಕೊಳ್ಳಬೇಕಾಯಿತು. ಈ ಖರ್ಚನ್ನು ಮಕ್ಕಳೂ ಭರಿಸಿದರು ಎಂಬುದನ್ನು ಅವರ ಜೀವನ ಚರಿತ್ರೆ ಓದುವಾಗ ಮರೆಯುವಂತಿಲ್ಲ.

ಅಧಿಕಾರ ಬಂದದ್ದು 1937ರಲ್ಲಿ, ಮದರಾಸು ಪ್ರಾಂತ್ಯದ ಪ್ರಧಾನಿಯಾಗಿ. ಊರು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಪಾನನಿಷೇಧ ಮೊದಲು ಜಾರಿಗೆ ಬಂದದ್ದು ಅವರ ಹಳೆಯ ಸೇಲಂ ಜಿಲ್ಲೆಯಲ್ಲೇ, ಆ ವರ್ಷದ ಅಕ್ಟೋಬರ್ 1ರಂದು.

ಮುಂದೆ ಹುದ್ದೆಗಳಿಗೇನೂ ಕೊರತೆಯಿರಲಿಲ್ಲ. 1948ರ ಜೂನ್‌ನಲ್ಲಿ ಭಾರತದ ಗವರ್ನರ್ ಜನರಲ್ ಆದರು, ಆ ಹುದ್ದೆಗೇರಿದ ಏಕೈಕ ಭಾರತೀಯ. 1950ರ ಜನವರಿ 26ರಂದು ಆ ಹುದ್ದೆಯೇ ಇಲ್ಲವಾಯಿತು. ಅಷ್ಟು ಎತ್ತರದಿಂದ ಇಳಿದವರು ಸಾಮಾನ್ಯವಾಗಿ ಮನೆಗೆ ಹೋಗುತ್ತಾರೆ. ಇವರು ಅದೇ ವರ್ಷ ನೆಹರೂ ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿಯಾದರು, ಪಟೇಲರ ನಿಧನದ ನಂತರ ಗೃಹ ಮಂತ್ರಿ, 1952ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ. ಕಾಗದದ ಮೇಲೆ ನೋಡಿದರೆ ಇದೆಲ್ಲ ಹಿಂಬಡ್ತಿಯೇ!

ಎಲ್ಲ ತೀರ್ಮಾನವೂ ಫಲಿಸಲಿಲ್ಲ. 1953ರಲ್ಲಿ ತಂದ ಅರ್ಧ ದಿನದ ಶಾಲೆ ಯೋಜನೆಯನ್ನು ಕುಲಕಸುಬಿನ ಶಿಕ್ಷಣವೆಂದು ವಿರೋಧಿಗಳು ಖಂಡಿಸಿದರು. ಮರುವರ್ಷ ಅವರು ಕುರ್ಚಿ ಬಿಡಬೇಕಾಯಿತು. ಅದೇ 1954ರಲ್ಲಿ ಭಾರತ ರತ್ನವೂ ಬಂತು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಕಾಂಗ್ರೆಸ್ಸಿಗೆ ಎದುರಾಗಿ ಸ್ವತಂತ್ರ ಪಕ್ಷ ಕಟ್ಟಿದರು.

1972ರ ಡಿಸೆಂಬರ್ 25ರಂದು ಮದರಾಸಿನಲ್ಲಿ ನಿಧನರಾದಾಗ ಅವರಿಗೆ 94 ವರ್ಷ. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ.