ಶಾರ್ಕಿನ ಹಲ್ಲನ್ನು ಓದಿದ ಸ್ಟೆನೋ

ಕಡಲಿಗೆ ಬಹು ದೂರವಾದ ನಾಗಪುರದಲ್ಲಿ ವಾಸಿಸುವ ನಮಗೆ ಶಾರ್ಕ್ ಮೀನು ಚಿತ್ರದಲ್ಲಿ ಮಾತ್ರ ಪರಿಚಿತ. ಆದರೂ ನಮ್ಮ ಕಾಲಕೆಳಗಿನ ನೆಲದ ಪೂರ್ವಕಥೆಯನ್ನು ತಿಳಿಯುವ ವಿದ್ಯೆಗೂ ಒಂದು ಶಾರ್ಕಿನ ತಲೆಗೂ ನಿಕಟವಾದ ಸಂಬಂಧವುಂಟು. ಆ ಸಂಬಂಧಕ್ಕೆ ಕಾರಣನಾದ ಮಹನೀಯನೇ ನಿಕೋಲಸ್ ಸ್ಟೆನೋ.

ಸ್ಟೆನೋ 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಅಕ್ಕಸಾಲಿಗನೊಬ್ಬನ ಮಗನಾಗಿ ಜನಿಸಿದನು. ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದ ಈತನು 1660ರಲ್ಲಿ ಹಾಲೆಂಡಿನಲ್ಲಿ ಕುರಿಯ ತಲೆಯೊಂದನ್ನು ಛೇದಿಸಿ ನೋಡುತ್ತಿದ್ದಾಗ, ಕೆನ್ನೆಯ ಗ್ರಂಥಿಯಿಂದ ಬಾಯಿಗೆ ಜೊಲ್ಲನ್ನು ತರುವ ನಾಳವನ್ನು ಕಂಡುಹಿಡಿದನು. ಆ ನಾಳಕ್ಕೆ ಇಂದಿಗೂ ಅವನದೇ ಹೆಸರು. ತಂದೆಯು ಬಂಗಾರವನ್ನು ಒರೆಗೆ ಹಚ್ಚುತ್ತಿದ್ದಂತೆ, ಮಗನು ಗ್ರಂಥಗಳ ಮಾತನ್ನು ಕಣ್ಣಾರೆ ಕಂಡು ಒರೆಹಚ್ಚಿದಲ್ಲದೆ ಒಪ್ಪುತ್ತಿರಲಿಲ್ಲ.

1666ರ ಅಕ್ಟೋಬರ್ ತಿಂಗಳಲ್ಲಿ ಇಟಲಿಯ ಲಿವೋರ್ನೋ ಬಳಿ ಭಾರಿ ಶಾರ್ಕೊಂದು ಸಿಕ್ಕಿಬಿದ್ದಿತು. ಅದು ದೊಡ್ಡ ಬಿಳಿ ಶಾರ್ಕ್ ಜಾತಿಯದೆಂದು ಇಂದಿನ ವಿದ್ವಾಂಸರ ಎಣಿಕೆ. ತಸ್ಕನಿಯ ಅರಸ ಎರಡನೆಯ ಫರ್ಡಿನೆಂಡನು ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ, ತನ್ನ ಆಶ್ರಯದಲ್ಲಿದ್ದ ಸ್ಟೆನೋವಿಗೆ ಒಪ್ಪಿಸಿದನು.

ಈ ಮೀನಿನ ಹಲ್ಲುಗಳು ತ್ರಿಕೋಣಾಕಾರದವು, ಅಂಚು ಗರಗಸದಂತಿರುವುದು. ಅವು ಒಂದರ ಹಿಂದೊಂದು ಸಾಲಾಗಿರುತ್ತವೆ. ಮುಂದಿನದು ಉದುರಿದೊಡನೆ ಹಿಂದಿನದು ಮುಂದೆ ಬರುತ್ತದೆ. ಶಾರ್ಕಿನ ದೇಹದಲ್ಲಿ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯಲ್ಲಿರುವಂತಹ ಮೃದ್ವಸ್ಥಿಯೇ ಅದರ ಅಸ್ಥಿಪಂಜರ. ಸತ್ತ ಬಳಿಕ ಅದು ಬೇಗನೆ ನಾಶವಾಗುತ್ತದೆ. ಹಲ್ಲುಗಳು ಮಾತ್ರ ಲಕ್ಷಾಂತರ ವರ್ಷ ಉಳಿಯಬಲ್ಲವು. ಮೂತಿಯ ಮೇಲೆ ಸಣ್ಣ ರಂಧ್ರಗಳಿವೆ. ಬೇಟೆಯ ದೇಹದ ಅತಿ ಸೂಕ್ಷ್ಮ ವಿದ್ಯುತ್ತನ್ನು ಶಾರ್ಕ್ ಇವುಗಳಿಂದ ಅರಿಯುತ್ತದೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದಿತು.

ಆ ಕಾಲದಲ್ಲಿ ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಇಂತಹದೇ ತ್ರಿಕೋಣದ ಕಲ್ಲುಗಳು ದೊರೆಯುತ್ತಿದ್ದವು. ಜನರು ಅವನ್ನು ಕಲ್ಲಾದ ಹಾವಿನ ನಾಲಗೆಗಳೆಂದು ನಂಬಿ, ವಿಷ ತಗಲದಿರಲೆಂದು ಧರಿಸುತ್ತಿದ್ದರು. ಅವು ಶಾರ್ಕಿನ ಹಲ್ಲುಗಳೆಂದು ಇಟಲಿಯ ಫಾಬಿಯೋ ಕೊಲೊನ್ನಾ 1616ರಲ್ಲಿಯೇ ವಾದಿಸಿದ್ದನು. ಸ್ಟೆನೋ ಎರಡನ್ನೂ ಹೋಲಿಸಿ ನೋಡಿ, 1667ರಲ್ಲಿ ಅದೇ ಅಭಿಪ್ರಾಯವನ್ನು ಕಾರಣಸಹಿತವಾಗಿ ಪ್ರಕಟಿಸಿದನು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಕಡಲಿನ ಹಲ್ಲು ಬಂಡೆಯೊಳಗೆ ಸೇರಿದ ಬಗೆ ಹೇಗೆ? ನೀರಿನಡಿ ಕೆಸರು ಪದರಪದರವಾಗಿ ಕೂತು ಕಲ್ಲಾಗುತ್ತದೆ. ಆದುದರಿಂದ ಕೆಳಗಿನ ಪದರವು ಮೇಲಿನದಕ್ಕಿಂತ ಹಳೆಯದು. ಇದು 1669ರಲ್ಲಿ ಅವನು ಕೊಟ್ಟ ಉತ್ತರ. ಭೂವಿಜ್ಞಾನಕ್ಕೆ ಅದೇ ತಳಹದಿಯಾಯಿತು.

1845ರಲ್ಲಿ ನಮ್ಮ ನಾಗಪುರಕ್ಕೆ ಬಂದ ಸ್ಟೀಫನ್ ಹಿಸ್ಲಾಪನು ಇಲ್ಲಿನ ಟಾಕಳಿಯ ಬಳಿ ಲಾವಾಶಿಲೆಗಳ ನಡುವಣ ಪದರದಲ್ಲಿ ಕಲ್ಲಾದ ಚಿಪ್ಪುಗಳನ್ನೂ ಗಿಡಗಳ ಅವಶೇಷಗಳನ್ನೂ ಕಂಡನು. ಒಂದು ಲಾವಾ ಹರಿದು ಇನ್ನೊಂದು ಹರಿಯುವುದರೊಳಗೆ ಇಲ್ಲಿ ಕೆರೆಕುಂಟೆಗಳಿದ್ದವೆಂದು ನಾವು ಹೇಳಬಲ್ಲೆವಾದರೆ, ಅದು ಸ್ಟೆನೋವಿನ ನಿಯಮದ ಬಲದಿಂದಲೇ.

ಮುಂದೆ ಸ್ಟೆನೋ ಶಾಸ್ತ್ರಾಭ್ಯಾಸವನ್ನು ಬಿಟ್ಟು, 1675ರಲ್ಲಿ ಪಾದ್ರಿಯಾಗಿ, 1677ರಲ್ಲಿ ಬಿಷಪ್ ಪದವಿಗೇರಿದನು. ಆದರೂ ಬಡವನಂತೆಯೇ ಬಾಳಿ, 1686ರಲ್ಲಿ ಜರ್ಮನಿಯ ಶ್ವೆರಿನ್ನಿನಲ್ಲಿ ತನ್ನ 48ನೆಯ ವಯಸ್ಸಿನಲ್ಲಿ ಕಾಲವಾದನು. ಅವನಿಗೆ ಪಾಠ ಹೇಳಿದ ಆ ಶಾರ್ಕಿನ ಸಂತತಿಯು ಈಗ ಮೆಡಿಟರೇನಿಯನ್ ಕಡಲಿನಲ್ಲಿ ಅಳಿವಿನ ಅಂಚಿಗೆ ಬಂದಿದೆ.

ವಿದ್ಯಾರ್ಥಿಗಳೇ, ಹಾವಿನ ನಾಲಗೆಯೆಂದು ಊರೆಲ್ಲ ನಂಬಿದ್ದ ಕಲ್ಲನ್ನು ಸ್ಟೆನೋ ಹಲ್ಲಿನ ಪಕ್ಕದಲ್ಲಿಟ್ಟು ನೋಡಿದನು. ಊರ ಹೊರಗೆ ವಿಚಿತ್ರವಾದ ಕಲ್ಲೊಂದು ಕೈಗೆ ಸಿಕ್ಕಿದರೆ, ಅದು ಅಲ್ಲಿಗೆ ಬಂದ ಬಗೆಯನ್ನು ನಾವೂ ಅವನಂತೆಯೇ ವಿಚಾರಿಸೋಣ.