ಹಿಮಪಥದ ಧೀರ

ಯೂರೋಪ್ ಖಂಡದ ಉತ್ತರದ ಅಂಚಿನಲ್ಲಿರುವ ನಾರ್ವೆ ಬೆಟ್ಟಗಳ ನಾಡು, ಹಿಮದ ನಾಡು. ಅಲ್ಲಿ ಚಳಿಗಾಲ ದೀರ್ಘವಾದುದು. ಹೊಲಗದ್ದೆಗಳೂ ಕಾಡುದಾರಿಗಳೂ ತಿಂಗಳುಗಟ್ಟಲೆ ಹಿಮದಡಿಯಲ್ಲಿ ಹುದುಗಿಹೋಗುತ್ತವೆ. ಹಿಂದಿನ ಕಾಲದಲ್ಲಿ ಒಂದು ಹಳ್ಳಿಯಿಂದ ಮತ್ತೊಂದು ಹಳ್ಳಿಗೆ ಹೋಗಬೇಕಾದರೆ ಜನ ಉದ್ದವಾದ, ಕಿರಿದಾದ, ಮುಂತುದಿ ಮೇಲಕ್ಕೆ ಬಾಗಿದ ಎರಡು ಮರದ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಸಾಗುತ್ತಿದ್ದರು. ಇವೇ ಸ್ಕೀಗಳು. ಬೇಟೆಗಾರನಿಗೂ ರೈತನಿಗೂ ಶಾಲೆಯ ಬಾಲಕನಿಗೂ ಅವು ಬೇಕಾಗಿದ್ದುವು. ಬದುಕಿನ ಅಗತ್ಯದಿಂದ ಹುಟ್ಟಿದ ಈ ಸಾಧನವೇ ಮುಂದೆ ಕ್ರೀಡೆಯ ರೂಪವನ್ನು ತಾಳಿತು. ಆ ಕ್ರೀಡೆಯಲ್ಲಿ ಜಗತ್ತಿನ ಗಮನವನ್ನು ಸೆಳೆದ ಮೊದಲಿಗರಲ್ಲಿ ತೋರ್ಲೀಫ್ ಹೌಗ್ ಅಗ್ರಗಣ್ಯನು.

ಹೌಗ್ ಹುಟ್ಟಿದ್ದು 1894ನೆಯ ಇಸವಿ ಸೆಪ್ಟೆಂಬರ್ 28ರಂದು, ಡ್ರಾಮೆನ್ ನಗರದ ಸಮೀಪದ ಲಿಯೆರ್ ಎಂಬ ಪ್ರದೇಶದಲ್ಲಿ. ಸುತ್ತಲೂ ಕಾಡು, ಗುಡ್ಡ, ಕಣಿವೆ. ಬೆಳೆದಂತೆ ಆತನು ಡ್ರಾಮೆನ್ನಿನ ಡ್ರಾಫ್ನ್ ಎಂಬ ಕ್ರೀಡಾಸಂಘವನ್ನು ಸೇರಿ ಅದರ ಪರವಾಗಿ ಸ್ಪರ್ಧಿಸತೊಡಗಿದನು.

ದೂರದ ಸ್ಕೀ ಓಟ ಸುಲಭವಾದುದಲ್ಲ. ಇಳಿಜಾರಿನಲ್ಲಿ ಮಾತ್ರ ಜಾರಿಹೋಗುವ ಆಟ ಅದಲ್ಲ. ದಾರಿ ಏರುತ್ತದೆ, ಇಳಿಯುತ್ತದೆ, ಕಾಡಿನ ನಡುವೆ ತಿರುಗುತ್ತದೆ. ಒಂದು ಕಾಲಿನಿಂದ ಹಿಮವನ್ನು ಒತ್ತಿ ಇನ್ನೊಂದು ಕಾಲಿನ ಮೇಲೆ ಜಾರಬೇಕು. ಎರಡು ಕೈಗಳಲ್ಲಿರುವ ಊರುಗೋಲುಗಳಿಂದ ದೇಹವನ್ನು ಮುಂದಕ್ಕೆ ತಳ್ಳಬೇಕು. ಏರಿನಲ್ಲಿ ಸ್ಕೀ ಹಿಂದಕ್ಕೆ ಜಾರದಂತೆಯೂ ಸಮತಟ್ಟಿನಲ್ಲಿ ಹಿಮಕ್ಕೆ ಅಂಟಿಕೊಳ್ಳದಂತೆಯೂ ಅದರ ಅಡಿಭಾಗಕ್ಕೆ ಕೀಲೆಣ್ಣೆ, ಮೇಣ ಮೊದಲಾದುವುಗಳನ್ನು ಹದವರಿತು ಬಳಿಯಬೇಕು. ಹಿಮ ಒಣಗಿದ್ದರೆ ಒಂದು ಹದ, ತೇವವಾಗಿದ್ದರೆ ಮತ್ತೊಂದು ಹದ. ಆ ಕಾಲದಲ್ಲಿ ಸ್ಪರ್ಧಿಗಳು ಒಟ್ಟಿಗೆ ಹೊರಡುತ್ತಿರಲಿಲ್ಲ. ಒಬ್ಬನಾದ ಮೇಲೆ ಒಬ್ಬನಂತೆ ಹೊರಡುತ್ತಿದ್ದರು. ಆದುದರಿಂದ ಕಾಡಿನ ಮೌನದಲ್ಲಿ ಎಷ್ಟೋ ದೂರವನ್ನು ಒಬ್ಬನೇ ಕ್ರಮಿಸಬೇಕಾಗುತ್ತಿತ್ತು. ಎದುರಾಳಿ ಕಣ್ಣಿಗೆ ಕಾಣದಿರುವಾಗಲೂ ವೇಗವನ್ನು ಕುಂದಿಸದೆ ಸಾಗುವ ಮನೋಬಲವೇ ಇಲ್ಲಿ ನಿಜವಾದ ಬಲ.

ನಾರ್ವೆಯ ರಾಜಧಾನಿಯ ಹೊರವಲಯದಲ್ಲಿ ಹೋಲ್ಮೆನ್‌ಕೊಲೆನ್ ಎಂಬ ಗುಡ್ಡವಿದೆ. 1892ರಿಂದ ಅಲ್ಲಿ ನಡೆದುಬಂದ ಸ್ಕೀ ಉತ್ಸವವು ಆ ನಾಡಿನ ಜನಕ್ಕೆ ಒಂದು ರಾಷ್ಟ್ರೀಯ ಹಬ್ಬವಿದ್ದಂತೆ. ಅಲ್ಲಿನ 50 ಕಿಲೋಮೀಟರ್ ಓಟವನ್ನು ಒಮ್ಮೆ ಗೆಲ್ಲುವುದೇ ದೊಡ್ಡ ಗೌರವ. ಹೌಗ್ ಅದನ್ನು 1918ರಿಂದ 1921ರವರೆಗೆ ಸತತವಾಗಿ ನಾಲ್ಕು ಸಲವೂ, ಮತ್ತೆ 1923 ಮತ್ತು 1924ರಲ್ಲಿಯೂ ಗೆದ್ದನು. ಓಟ ಮತ್ತು ಜಿಗಿತ ಎರಡನ್ನೂ ಒಳಗೊಂಡ ಸಂಯುಕ್ತ ಸ್ಪರ್ಧೆಯಲ್ಲಿ 1919ರಿಂದ ಮೂರು ವರ್ಷ ಆತನದೇ ಜಯ. ದೀರ್ಘ ಓಟಕ್ಕೆ ತಾಳ್ಮೆ ಬೇಕು. ಜಿಗಿತಕ್ಕೆ ಸಾಹಸ ಬೇಕು. ಎರಡೂ ಒಬ್ಬನಲ್ಲಿಯೇ ಕೂಡಿಬರುವುದು ಅಪರೂಪ.

1924ರ ಜನವರಿ ಕೊನೆಯಲ್ಲಿ ಫ್ರಾನ್ಸ್ ದೇಶದ ಶಾಮೊನಿ ಎಂಬ ಊರಿನಲ್ಲಿ, ಮೋಂಟ್ ಬ್ಲಾಂಕ್ ಪರ್ವತದ ಬುಡದಲ್ಲಿ, ಚಳಿಗಾಲದ ಕ್ರೀಡೆಗಳ ಅಂತರರಾಷ್ಟ್ರೀಯ ಕೂಟವೊಂದು ನಡೆಯಿತು. 16 ರಾಷ್ಟ್ರಗಳು ಅದರಲ್ಲಿ ಭಾಗವಹಿಸಿದುವು. ಇದನ್ನೇ ಆಮೇಲೆ ಮೊದಲನೆಯ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟವೆಂದು ಮಾನ್ಯಮಾಡಲಾಯಿತು. ಆಗ ಹೌಗ್‌ಗೆ ಇಪ್ಪತ್ತೊಂಬತ್ತು ವರ್ಷ.

ಜನವರಿ 30ರಂದು 50 ಕಿಲೋಮೀಟರ್ ಓಟ. ಮೂವತ್ತಕ್ಕೂ ಹೆಚ್ಚು ಮಂದಿ ಹೊರಟರು. ಹೌಗ್ ಆ ದೂರವನ್ನು 3 ಗಂಟೆ 44 ನಿಮಿಷ 32 ಸೆಕೆಂಡುಗಳಲ್ಲಿ ಕ್ರಮಿಸಿ ಮೊದಲಿಗನಾದನು. ಅವನ ದೇಶದವನೇ ಆದ ತೊರಾಲ್ಫ್ ಸ್ಟ್ರೊಮ್‌ಸ್ಟಾಡ್ ಎರಡನೆಯವನಾದನು. ಮೊದಲ ನಾಲ್ಕು ಸ್ಥಾನಗಳೂ ನಾರ್ವೆಗೆ ದೊರೆತುವು. ಫೆಬ್ರವರಿ 2ರಂದು ನಡೆದ 18 ಕಿಲೋಮೀಟರ್ ಓಟದಲ್ಲಿಯೂ ಹೌಗ್‌ನದೇ ಗೆಲುವು. ಸಂಯುಕ್ತ ಸ್ಪರ್ಧೆಯ ಚಿನ್ನವೂ ಆತನಿಗೇ ಸಂದಿತು. ಅಲ್ಲಿಯೂ ಸ್ಟ್ರೊಮ್‌ಸ್ಟಾಡ್ ಎರಡನೆಯವನು. ಹೀಗೆ ಒಂದು ವಾರದೊಳಗೆ ಮೂರು ಚಿನ್ನದ ಪದಕಗಳು! ಇವಲ್ಲದೆ ಸ್ಕೀ ಜಿಗಿತದಲ್ಲಿ ಮೂರನೆಯ ಸ್ಥಾನವೆಂದು ಕಂಚಿನ ಪದಕವನ್ನೂ ಆತನಿಗೆ ನೀಡಿದರು.

ಆ ಜಿಗಿತದಲ್ಲಿ ನಾಲ್ಕನೆಯವನೆಂದು ಘೋಷಿತನಾದವನು ಆಂಡರ್ಸ್ ಹೌಗೆನ್. ಆತನೂ ನಾರ್ವೆಯಲ್ಲಿ ಹುಟ್ಟಿದವನೇ. ಅಮೆರಿಕಕ್ಕೆ ವಲಸೆ ಹೋಗಿ ಆ ದೇಶದ ಪರವಾಗಿ ಸ್ಪರ್ಧಿಸಿದ್ದನು. ಇಬ್ಬರ ಹೆಸರುಗಳಂತೆಯೇ ಇಬ್ಬರ ಅಂಕಗಳೂ ತೀರ ಹತ್ತಿರವಾಗಿದ್ದುವು. ಅವುಗಳ ನಡುವಣ ಅಂತರ ಒಂದು ಅಂಕಕ್ಕಿಂತಲೂ ಕಡಿಮೆ. ಹೌಗೆನ್ ಪದಕವಿಲ್ಲದೆ ಅಮೆರಿಕಕ್ಕೆ ಮರಳಿದನು.

ಹೌಗ್ ಬಹುಕಾಲ ಬಾಳಲಿಲ್ಲ. ಎಷ್ಟೋ ಚಳಿಗಾಲಗಳನ್ನು ಹಿಮದ ನಡುವೆಯೇ ಕಳೆದ ಆ ಗಟ್ಟಿ ದೇಹವನ್ನು ಶ್ವಾಸಕೋಶದ ಉರಿಯೂತ ಬಲಿತೆಗೆದುಕೊಂಡಿತು. 1934ರ ಡಿಸೆಂಬರ್ 12ರಂದು, ನಲವತ್ತರ ಹರೆಯದಲ್ಲಿ, ಆತನು ಡ್ರಾಮೆನ್ನಿನಲ್ಲಿ ತೀರಿಕೊಂಡನು. ಊರಿನ ಜನ ಆತನನ್ನು ಮರೆಯಲಿಲ್ಲ. ಅಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು.

ಹೌಗ್‌ನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಶಾಮೊನಿಯ ಕೂಟ ನಡೆದು ಐವತ್ತು ವರ್ಷಗಳಾದ ಬಳಿಕ, 1974ರಲ್ಲಿ, ಆ ಜಿಗಿತದ ಅಂಕಗಳನ್ನು ಕೂಡಿ ಭಾಗಿಸುವಾಗ ತಪ್ಪಾಗಿತ್ತೆಂಬ ಸಂಗತಿ ಬೆಳಕಿಗೆ ಬಂದಿತು. ಅದನ್ನು ಕಂಡುಕೊಂಡವನು ಹೊರಗಿನವನಲ್ಲ. ಹೌಗ್‌ನ ಜೊತೆಗಾರ ಸ್ಟ್ರೊಮ್‌ಸ್ಟಾಡ್. ನಾರ್ವೆಯ ಕ್ರೀಡಾ ಇತಿಹಾಸಕಾರ ಯಾಕೋಬ್ ವೋಗೆ ಲೆಕ್ಕವನ್ನು ಪರಿಶೀಲಿಸಿ ತಪ್ಪನ್ನು ದೃಢಪಡಿಸಿದನು. ಸರಿಯಾದ ಲೆಕ್ಕದಂತೆ ಮೂರನೆಯ ಸ್ಥಾನ ಹೌಗೆನ್‌ನದು, ಹೌಗ್ ನಾಲ್ಕನೆಯವನು.

ಸತ್ತು ನಲವತ್ತು ವರ್ಷವಾದ ತಮ್ಮ ನಾಡಿನ ವೀರನ ಪದಕವನ್ನು ಬಿಟ್ಟುಕೊಡುವುದೇಕೆಂದು ನಾರ್ವೆಯವರು ಸುಮ್ಮನಿರಬಹುದಾಗಿತ್ತು. ಹಳೆಯ ಕಾಗದಗಳಲ್ಲಿ ಅಡಗಿದ್ದ ಸಣ್ಣ ತಪ್ಪೊಂದನ್ನು ಕೆದಕಿ ತೆಗೆಯಬೇಕೆಂದು ಅವರನ್ನು ಯಾರೂ ಒತ್ತಾಯಿಸುತ್ತಿರಲಿಲ್ಲ. ಆದರೆ ಅವರು ಹಾಗೆ ಮಾಡಲಿಲ್ಲ. ಎಂಬತ್ತು ದಾಟಿದ ವೃದ್ಧ ಹೌಗೆನ್ ಅದೇ ವರ್ಷ ತಾನು ಹುಟ್ಟಿದ ದೇಶಕ್ಕೆ ಬಂದನು. ಹೌಗ್‌ನ ಮಗಳು ತನ್ನ ತಂದೆಯ ಕಂಚಿನ ಪದಕವನ್ನು ತನ್ನ ಕೈಯಿಂದಲೇ ಆತನಿಗೆ ಒಪ್ಪಿಸಿದಳು. ತಂದೆಯ ನೆನಪಾಗಿ ಮನೆಯಲ್ಲಿದ್ದ ವಸ್ತುವನ್ನು ನ್ಯಾಯಕ್ಕಾಗಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಇದರಿಂದ ಹೌಗ್‌ನ ಕೀರ್ತಿ ಕುಂದಿತೇ? ಇಲ್ಲ. ತಪ್ಪು ಆತನದಾಗಿರಲಿಲ್ಲ, ಲೆಕ್ಕ ಮಾಡಿದವರದು. ತನ್ನ ಕಾಲಿನ ಬಲದಿಂದ, ಎದೆಯ ಉಸಿರಿನಿಂದ, ಮನಸ್ಸಿನ ದೃಢತೆಯಿಂದ ಆತನು ಗಳಿಸಿದ ಮೂರು ಚಿನ್ನದ ಪದಕಗಳು ಇಂದಿಗೂ ಆತನವೇ. ತನ್ನದಲ್ಲದ ನಾಲ್ಕನೆಯದು ಕಳಚಿಹೋದುದರಿಂದ ಉಳಿದ ಮೂರರ ಹೊಳಪು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಗೆಲ್ಲುವ ಛಲ ಕ್ರೀಡಾಪಟುವಿಗೆ ಅಗತ್ಯ. ಸಲ್ಲಬೇಕಾದವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಮನಸ್ಸು ಅದಕ್ಕಿಂತ ದೊಡ್ಡದು. ಮೊದಲನೆಯದನ್ನು ಹೌಗ್ ತನ್ನ ಬಾಳಿನಲ್ಲಿ ತೋರಿದನು. ಎರಡನೆಯದನ್ನು ಆತನ ಗೆಳೆಯನೂ ಮಗಳೂ ಆತನ ಹೆಸರಿನಲ್ಲಿ ನೆರವೇರಿಸಿದರು.